ಮೊಳೆಯೂ ಅದರದ್ದೇ, ಚೀಲವೂ ಅದರದ್ದೇ

ಸಪ್ತಾಪುರದ ರೂಮಿನಲ್ಲಿ ಕೂತು ಪರೀಕ್ಷೆಗೆ ಓದ್ತಾ ಇದ್ದೀರಿ, ಮಲೇರಿಯಾ ಪರಾವಲಂಬಿ ಕೆಂಪು ರಕ್ತಕಣದೊಳಗೆ ನುಗ್ಗೋಕೆ ಒಂದೇ ಪ್ರೋಟೀನ್ ಸಾಕಾ ಅಂತ ಕೇಳಿದ್ದೀರಿ. ಸಾಲೋದಿಲ್ರೀ.

ಫಾಲ್ಸಿಪಾರಂ ಎಂಬ ಜಾತಿಯ ಮಲೇರಿಯಾ ಪರಾವಲಂಬಿಯಲ್ಲಿ ಆರ್‌ಎಚ್5 ಅನ್ನುವ ಪ್ರೋಟೀನ್ ಮೊದಲು ರಕ್ತಕಣದ ಮೇಲಿನ ಬ್ಯಾಸಿಜಿನ್ ಪ್ರೋಟೀನ್‌ಗೆ ಅಂಟಬೇಕು. ಅದೂ ಒಂಟಿಯಾಗಿ ಅಲ್ಲ, ಇನ್ನಷ್ಟು ಪ್ರೋಟೀನ್‌ಗಳ ಜತೆ ಸೇರಿ.

ಆಮೇಲಿನದು ನನಗೆ ಜಾಸ್ತಿ ಇಷ್ಟ. ಪರಾವಲಂಬಿ ತನ್ನದೇ ರಾನ್2 ಪ್ರೋಟೀನನ್ನು ರಕ್ತಕಣದ ಪೊರೆಗೆ ಚುಚ್ಚಿ ಕೂರಿಸುತ್ತದೆ. ನಂತರ ತನ್ನ ಮೈಮೇಲಿನ ಎಎಂಎ1 ಪ್ರೋಟೀನ್ ಅದನ್ನೇ ಗಟ್ಟಿಯಾಗಿ ಹಿಡಿಯುತ್ತದೆ. ಬೀಗರು ಬಂದು ನಮ್ಮ ಗೋಡೆಗೆ ತಾವೇ ಮೊಳೆ ಹೊಡೆದು, ತಮ್ಮ ಚೀಲ ತೂಗುಹಾಕಿದ ಹಾಗೆ, ಅಲ್ವಾ?

ಆ ಹಿಡಿತ ಉಂಗುರದಂತೆ ಸುತ್ತ ನಿಲ್ಲುತ್ತದೆ. ಪರಾವಲಂಬಿ ಅದರೊಳಗಿಂದ ತೂರಿಕೊಂಡು ಒಳಗೆ ಹೋಗುತ್ತದೆ. ಚಿತ್ರ ಬರೆಯುವಾಗ ರಾನ್2 ಅನ್ನು ರಕ್ತಕಣದ ಪ್ರೋಟೀನ್ ಅಂತ ಗುರುತಿಸಲೇಬೇಡಿ. ನಾನೂ ಹಾಗೆ ಬರೆದು ಅಂಕ ಕಳೆದುಕೊಂಡವನೇ.