ಅಮೆರಿಕದ ಮೊದಲ ಕಾರು ಕಂಪನಿ ಯಾವುದು? ಅದು ಬೇಗ ಮುಚ್ಚಿದ್ದೇಕೆ?

ಫೋರ್ಡ್ ಅಂತ ಹಲವರು ಹೇಳುತ್ತಾರೆ, ಆದರೆ ಅಲ್ಲ. ಮಾರುವುದಕ್ಕೆಂದೇ ಪೆಟ್ರೋಲ್ ಕಾರು ತಯಾರಿಸಿದ ಮೊದಲ ಅಮೆರಿಕನ್ ಕಂಪನಿ ಡ್ಯೂರಿಯಾ ಮೋಟಾರ್ ವ್ಯಾಗನ್. ಕಟ್ಟಿದವರು ಡ್ಯೂರಿಯಾ ಅಣ್ಣತಮ್ಮಂದಿರು: ಅಣ್ಣ ಚಾರ್ಲ್ಸ್ ಸೈಕಲ್ ತಯಾರಕ, ತಮ್ಮ ಫ್ರಾಂಕ್ ಯಂತ್ರ ಕೆಲಸದಲ್ಲಿ ನುರಿತವನು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಹಳೆಯ ಕುದುರೆಗಾಡಿಯೊಂದಕ್ಕೆ ಒಂದು ಸಿಲಿಂಡರಿನ ಎಂಜಿನ್ ಕೂರಿಸಿ 1893ರ ಸೆಪ್ಟೆಂಬರಿನಲ್ಲಿ ರಸ್ತೆಗಿಳಿಸಿದರು.

ಹೆಸರು ತಂದುಕೊಟ್ಟಿದ್ದು 1895ರ ನವೆಂಬರ್ 28ರ ಶಿಕಾಗೋ ರೇಸ್. ಶಿಕಾಗೋದಿಂದ ಇವಾನ್‌ಸ್ಟನ್‌ಗೆ ಹೋಗಿ ಬರಬೇಕು, ಒಟ್ಟು ಸುಮಾರು 54 ಮೈಲಿ. ದಾರಿಯ ತುಂಬಾ ಹಿಮ. ಹೊರಟ ಆರು ಗಾಡಿಗಳಲ್ಲಿ ಗುರಿ ಮುಟ್ಟಿದ್ದು ಎರಡೇ. ಫ್ರಾಂಕ್ ಹತ್ತು ಗಂಟೆಗೂ ಹೆಚ್ಚು ಹೊತ್ತು ಓಡಿಸಿ ಗೆದ್ದ. ಇಂದು ಸೈಕಲ್ ತುಳಿಯುವವರೂ ಹಿಂದೆ ಹಾಕಬಹುದಾದ ವೇಗ ಬಿಡಿ, ಆದರೂ ಆ ಹಿಮದಲ್ಲಿ ಅದು ಸಾಹಸವೇ.

1896ರಲ್ಲಿ ಒಂದೇ ವಿನ್ಯಾಸದ 13 ಕಾರುಗಳು ತಯಾರಾದವು. ಲೆಕ್ಕಕ್ಕೆ ಅತ್ಯಲ್ಪ, ಆದರೆ ಅಲ್ಲಿಯವರೆಗೆ ಅಮೆರಿಕದಲ್ಲಿ ಉಳಿದವರು ಬಿಡಿಬಿಡಿಯಾಗಿ ಒಂದೊಂದು ಪ್ರಯೋಗದ ಗಾಡಿ ಕಟ್ಟುತ್ತಿದ್ದರು. ಅದೇ ವರ್ಷ ಬಾರ್ನಮ್ ಅಂಡ್ ಬೇಲಿ ಸರ್ಕಸ್ ಕೂಡ ಜನರಿಗೆ ತೋರಿಸಲು ಒಂದು ಡ್ಯೂರಿಯಾ ಕಾರನ್ನು ಇಟ್ಟುಕೊಂಡಿತ್ತು!

ಮುಳುಗಿಸಿದ್ದು ಎಂಜಿನ್ ಅಲ್ಲ, ಮನಸ್ತಾಪ ಎಂದೇ ನನ್ನ ಅನಿಸಿಕೆ. ಕಾರು ಕಂಡುಹಿಡಿದವನು ಯಾರು ಎಂಬ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಕೊನೆವರೆಗೂ ಹೊಂದಾಣಿಕೆಯಾಗಲಿಲ್ಲ. 1898ರ ಹೊತ್ತಿಗೆ ಇಬ್ಬರೂ ಬೇರೆಯಾದರು, ಕಂಪನಿಯೂ ನಿಂತಿತು. ಫ್ರಾಂಕ್ ಮುಂದೆ ಸ್ಟೀವನ್ಸ್-ಡ್ಯೂರಿಯಾ ಹೆಸರಿನಲ್ಲಿ ಒಳ್ಳೆಯ ಕಾರುಗಳನ್ನು ತಯಾರಿಸಿದ.