ಓದುಗರ ಪ್ರಶ್ನೆ: ಬಾಣಂತಿಯ ಪಕ್ಕ ಕೂರುವವರು ಏನು ಮಾಡಬೇಕು?

(ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತರಾದ ಅಂಕಣಕಾರ್ತಿ ಈ ಬಾರಿ ಸ್ವಯಂಸೇವಕರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಹತ್ತಿರದ ಹೆರಿಗೆ ಆಸ್ಪತ್ರೆಯಲ್ಲಿ ತಾಯಿ-ಮಗುವಿನ ನೆರವಿಗೆ ಸ್ವಯಂಸೇವಕರು ಬೇಕೆಂದು ಕೇಳಿದ್ದಾರೆ. ನಾವು ಕೆಲವು ಗೆಳತಿಯರು ಹೆಸರು ಕೊಟ್ಟಿದ್ದೇವೆ. ಆದರೆ ನಮ್ಮಲ್ಲಿ ಯಾರೂ ಡಾಕ್ಟರಲ್ಲ, ನರ್ಸಲ್ಲ. ನಮ್ಮಿಂದ ಉಪಯೋಗಕ್ಕಿಂತ ಅಡ್ಡಿಯೇ ಹೆಚ್ಚಾದೀತೇನೋ ಎಂಬ ಅಳುಕಿದೆ.

ಉತ್ತರ: ಅಳುಕು ಬಿಟ್ಟು ಹೋಗಿ. ವಾರ್ಡಿನಲ್ಲಿ ಕೈ ಸಾಲದೆ ಒದ್ದಾಡಿದವಳಾಗಿ ಹೇಳುತ್ತಿದ್ದೇನೆ. ಸಿಸ್ಟರ್ ಒಬ್ಬಳೇ ಬಿಪಿ ನೋಡಬೇಕು, ಡ್ರಿಪ್ ಬದಲಿಸಬೇಕು, ಕೇಸ್ ಶೀಟ್ ಬರೆಯಬೇಕು, ಲೇಬರ್ ರೂಮಿನಿಂದ ಕರೆ ಬಂದರೆ ಎಲ್ಲ ಬಿಟ್ಟು ಓಡಬೇಕು. ಒಬ್ಬ ಬಾಣಂತಿಯ ಪಕ್ಕ ಅರ್ಧ ಗಂಟೆ ಕೂತು ಹಾಲುಣಿಸುವುದನ್ನು ಹೇಳಿಕೊಡುವಷ್ಟು ಬಿಡುವು ಅವಳಿಗೆಲ್ಲಿ? ಆ ಅರ್ಧ ಗಂಟೆ ನಿಮ್ಮದು.

ಸುಮ್ಮನೆ ಪಕ್ಕದಲ್ಲಿ ಕೂತರೆ ಏನಾದೀತು ಎಂದು ಡಾಕ್ಟರುಗಳೂ ಕೇಳುತ್ತಿದ್ದ ಕಾಲವಿತ್ತು. ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. 1980ರಲ್ಲಿ ಅದರ ವರದಿ ಬಂತು. ನೋವು ತಿನ್ನುತ್ತಿದ್ದ ಹೆಂಗಸಿನ ಪಕ್ಕದಲ್ಲಿ, ಯಾವ ವೈದ್ಯಕೀಯ ತರಬೇತಿಯೂ ಇಲ್ಲದ, ಪರಿಚಯವೂ ಇಲ್ಲದ ಒಬ್ಬ ಮಹಿಳೆ ಕೂತಳು. ಬೆನ್ನು ನೀವಿದಳು, ಕೈ ಹಿಡಿದಳು, ಮಾತಾಡಿಸಿದಳು. ತೊಡಕಿಲ್ಲದ ಹೆರಿಗೆಗಳನ್ನು ಹೋಲಿಸಿದಾಗ, ಒಂಟಿಯಾಗಿದ್ದವರಿಗೆ ಸರಾಸರಿ 19 ಗಂಟೆ ಹಿಡಿದಿದ್ದರೆ ಜೊತೆ ಇದ್ದವರಿಗೆ ಸುಮಾರು 9 ಗಂಟೆ ಸಾಕಾಗಿತ್ತು. ಮುಂದೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಸಮಯದ ಅಂತರ ಇಷ್ಟು ದೊಡ್ಡದಾಗಿ ಕಾಣಲಿಲ್ಲ. ಆದರೆ ಜೊತೆಗೊಬ್ಬರಿದ್ದರೆ ಸಿಸೇರಿಯನ್ ಕಡಿಮೆ ಎನ್ನುವುದು ಮತ್ತೆ ಮತ್ತೆ ಕಂಡುಬಂದಿದೆ.

ಹೆರಿಗೆಯಾದ ಮೇಲೆ ನಿಮ್ಮ ಕೆಲಸ ಹೆಚ್ಚಾಗಿ ಹಾಲುಣಿಸುವ ಹೊತ್ತಿನದು. ತಾಯಿ-ಮಗು ಆರೋಗ್ಯವಾಗಿದ್ದರೆ ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಶುರುವಾಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಮೊದಲ ಹಳದಿ ಹಾಲು, ಚಮಚಗಳಲ್ಲಿ ಅಳೆಯುವಷ್ಟೇ ಬರುತ್ತದೆ. ‘ನನಗೆ ಹಾಲೇ ಇಲ್ಲ’ ಎಂದು ತಾಯಿ ಹೆದರುವುದು ಇಲ್ಲೇ. ಆ ಮಗುವಿನ ಹೊಟ್ಟೆಗೆ ಅಷ್ಟೇ ಸಾಕು, ಎರಡು ಮೂರು ದಿನದಲ್ಲಿ ಹಾಲು ತುಂಬಿ ಬರುತ್ತದೆ ಎಂದು ಯಾರಾದರೂ ಸಮಾಧಾನವಾಗಿ ಹೇಳಬೇಕು.

ಇನ್ನು ಕೂರುವ ರೀತಿ. ಹೊಸ ತಾಯಿ ಮಗುವಿನ ಬಾಯಿಗೆ ಎದೆ ತಲುಪಿಸಲು ತಾನೇ ಬಗ್ಗುತ್ತಾಳೆ; ಹತ್ತು ನಿಮಿಷದಲ್ಲಿ ಬೆನ್ನು ಬಿದ್ದುಹೋಗುತ್ತದೆ. ಮೊದಲು ಅವಳ ಬೆನ್ನಿಗೊಂದು ದಿಂಬು ಕೊಡಿ, ಮಗುವಿನ ಕೆಳಗೊಂದು ಇಡಿ. ಬಗ್ಗುವುದು ಬೇಡ, ಮಗುವೇ ಎದೆಯ ಹತ್ತಿರ ಬರಲಿ. ಮಗುವಿನ ಹೊಟ್ಟೆ ತಾಯಿಯ ಮೈಗೆ ಅಂಟಿರಬೇಕು. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು. ಕತ್ತು ಹೊರಳಿಸಿಕೊಂಡು ಕುಡಿಯುವುದು ದೊಡ್ಡವರಿಗೂ ಕಷ್ಟ. ಮಗು ಬಾಯಿ ಅಗಲವಾಗಿ ತೆರೆಯುವವರೆಗೆ ಕಾಯಿರಿ. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗದ್ದ ಎದೆಗೆ ತಾಗಿ, ಕೆಳತುಟಿ ಹೊರಕ್ಕೆ ಮಡಚಿದ್ದರೆ ಸರಿಯಾಗಿ ಹಿಡಿದಿದೆ. ತಾಯಿ ನೋವಿನಿಂದ ಹಲ್ಲು ಕಚ್ಚುತ್ತಿದ್ದರೆ ಹಿಡಿತ ತಪ್ಪಿದೆ. ಎಳೆದು ಬಿಡಿಸಬಾರದು, ಅವಳೇ ತನ್ನ ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿನಲ್ಲಿ ಮೆಲ್ಲಗೆ ತೂರಿಸಲಿ, ಹಿಡಿತ ಸಡಿಲವಾಗುತ್ತದೆ. ಆಮೇಲೆ ಮತ್ತೆ ಹಿಡಿಸಲಿ. ಇದೆಲ್ಲ ಬಾಯಲ್ಲಿ ಹೇಳಿ, ಬೇಕಾದರೆ ಬೊಂಬೆಯಲ್ಲಿ ತೋರಿಸಿ. ಕೇಳದೆ ಅವಳ ಎದೆ ಮುಟ್ಟಬೇಡಿ. ದಿನವಿಡೀ ಯಾರ್ಯಾರೋ ಮುಟ್ಟಿ, ಒತ್ತಿ, ನೋಡಿ ಹೋದ ದೇಹ ಅದು.

ವಾರ್ಡಿಗೆ ಕಾಲಿಡುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವ ಮುಂಚೆಯೂ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಡಾ. ಸೆಮ್ಮೆಲ್‌ವೈಸ್ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ ಮೇಲೆ, ಶೇ 18ರವರೆಗೆ ಏರಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು. ನೆಗಡಿ, ಜ್ವರ ಇದ್ದ ದಿನ ಮನೆಯಲ್ಲೇ ಇರಿ. ಸಿಸೇರಿಯನ್ ಆದವರನ್ನು ಮೊದಲ ಸಲ ಮಂಚದಿಂದ ಎಬ್ಬಿಸುವುದು, ಮಗುವಿನ ಬಾಯಿಗೆ ಏನಾದರೂ ಹಾಕುವುದು, ಮಾತ್ರೆ ಕೊಡುವುದು ನಿಮ್ಮ ಕೆಲಸವಲ್ಲ.

ಪ್ರಶ್ನೆ: ಹೋದ ವಾರ ಒಬ್ಬ ತಾಯಿ ಹೆರಿಗೆಯಾದ ಮೂರನೇ ದಿನ ಬಿಕ್ಕಿ ಬಿಕ್ಕಿ ಅತ್ತಳು. ಮಗು ಚೆನ್ನಾಗಿದೆ, ಮನೆಯವರೂ ಒಳ್ಳೆಯವರು. ಏನು ಹೇಳಬೇಕೋ ತಿಳಿಯಲಿಲ್ಲ.

ಉತ್ತರ: ‘ಇಷ್ಟು ಮುದ್ದಾದ ಮಗು ಇಟ್ಟುಕೊಂಡು ಯಾಕಮ್ಮ ಅಳ್ತೀಯ’ ಎಂದು ಮಾತ್ರ ಹೇಳಬೇಡಿ. ಈ ಮಾತು ಕೇಳಿದ ಕೂಡಲೇ ಅಳು ನುಂಗಿಕೊಂಡವರನ್ನು ನಾನು ತುಂಬ ನೋಡಿದ್ದೇನೆ. ಮೂರರಿಂದ ಐದನೇ ದಿನದೊಳಗೆ ಹೀಗೆ ಕಣ್ಣು ತುಂಬಿಬರುವುದು ಬಹಳ ಜನಕ್ಕೆ ಆಗುತ್ತದೆ. ಹಾರ್ಮೋನುಗಳು ಒಮ್ಮೆಲೇ ಇಳಿದಿರುತ್ತವೆ, ನಿದ್ದೆ ಇರುವುದಿಲ್ಲ, ಹೊಲಿಗೆ ನೋಯುತ್ತಿರುತ್ತದೆ. ‘ತುಂಬ ಸುಸ್ತಾಗಿದ್ದೀರಿ ಅಲ್ವಾ, ನಾನು ಇಲ್ಲೇ ಇರ್ತೀನಿ’ ಎಂದರೆ ಸಾಕು. ಮಗುವನ್ನು ನೋಡಿಕೊಳ್ಳಲು ಮನೆಯವರಿಗೆ ಹೇಳಿ, ಅವಳು ಒಂದು ಗಂಟೆ ಮಲಗುವಂತೆ ಮಾಡಿ.

ಆದರೆ ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ಮಗುವಿನ ಕಡೆ ನೋಡುವುದೇ ಬೇಡ ಎನಿಸುತ್ತಿದ್ದರೆ, ಅದು ಖಿನ್ನತೆ ಇರಬಹುದು, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ, ಇಲ್ಲದ ದನಿ ಕೇಳಿಸುತ್ತದೆ ಎಂದರೆ, ಅವಳನ್ನು ಒಂಟಿಯಾಗಿ ಬಿಡದೆ ಆ ಕ್ಷಣವೇ ಸಿಸ್ಟರನ್ನು ಕರೆಯಿರಿ. ಗುಟ್ಟು ಇಟ್ಟುಕೊಳ್ಳುವ ವಿಷಯವಲ್ಲ ಇದು.

ಕೂಡಲೇ ಕರೆಯಬೇಕಾದ ಬೇರೆ ಸಂದರ್ಭಗಳೂ ಇವೆ. ಒಂದು ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ. ವಿಪರೀತ ತಲೆನೋವು, ಕಣ್ಣು ಮಂಜು ಎಂದರೆ. ಜ್ವರ, ಚಳಿ ಬಂದರೆ. ಮಗು ಹಾಲು ಬಿಟ್ಟು ಮಂಕಾಗಿದ್ದರೆ, ಮೈ ತಣ್ಣಗಾಗಿದ್ದರೆ ಅಥವಾ ಸುಡುತ್ತಿದ್ದರೆ, ಉಸಿರಾಡುವಾಗ ಎದೆಗೂಡು ಒಳಕ್ಕೆ ಸೆಳೆಯುತ್ತಿದ್ದರೆ, ಹುಟ್ಟಿದ ಮೊದಲ ದಿನವೇ ಮೈ ಹಳದಿಯಾದರೆ. ಕಾರಣ ಏನಿರಬಹುದೆಂದು ನೀವು ಯೋಚಿಸುತ್ತ ನಿಲ್ಲಬೇಡಿ. ಹತ್ತು ಸಲ ಕರೆದು ಒಂಬತ್ತು ಸಲ ಏನೂ ಇಲ್ಲದಿದ್ದರೂ ಯಾವ ಒಳ್ಳೆಯ ಸಿಸ್ಟರೂ ಬೈಯುವುದಿಲ್ಲ.

ಪ್ರಶ್ನೆ: ನಾನು ಗಂಡಸು. ನನ್ನಂಥವರಿಗೆ ಇಲ್ಲಿ ಕೆಲಸವಿದೆಯೇ?

ಉತ್ತರ: ಇದೆ. ಕಾರಿಡಾರಿನಲ್ಲಿ ಫೈಲು ಹಿಡಿದುಕೊಂಡು, ಯಾರನ್ನು ಕೇಳಬೇಕೆಂದು ಗೊತ್ತಾಗದೆ ನಿಂತಿರುವ ಅಪ್ಪಂದಿರನ್ನು ಮಾತಾಡಿಸಿ. ಅವರಿಗೆ ಯಾರೂ ಏನೂ ಹೇಳಿರುವುದಿಲ್ಲ. ಮಗು ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ್ದಾದರೆ ಅಪ್ಪನೂ ಅದನ್ನು ಬರಿಮೈಯ ಎದೆಗೆ ಅಪ್ಪಿಕೊಂಡು ಬೆಚ್ಚಗಿಡಬಹುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಡಾ. ಎಡ್ಗರ್ ರೇ ಶುರು ಮಾಡಿದ ಕಾಂಗರೂ ಆರೈಕೆ ಇದು. ಇಂದು ಅದು ಇನ್‌ಕ್ಯುಬೇಟರಿಗೆ ಬದಲಿಯಾಗಿ ಉಳಿದಿಲ್ಲ, ತನ್ನದೇ ಬಲದ ಮೇಲೆ ಶಿಫಾರಸಾಗುವ ಚಿಕಿತ್ಸೆ. ನಾಚಿಕೆಪಡುವ ಅಪ್ಪನಿಗೆ ಇನ್ನೊಬ್ಬ ಗಂಡಸು ಧೈರ್ಯ ಹೇಳಿದರೆ ಬೇಗ ಒಪ್ಪುತ್ತಾನೆ. ಹಾಲುಣಿಸುವ ಕೋಣೆಗೆ ಮಾತ್ರ ತಾಯಂದಿರು ಒಪ್ಪದೆ ಹೋಗಬೇಡಿ.

ಪ್ರಶ್ನೆ: ನಮ್ಮ ಸೇವೆಯ ಫೋಟೋಗಳನ್ನು ಗ್ರೂಪಿನಲ್ಲಿ ಹಾಕಿದರೆ ಇನ್ನಷ್ಟು ಜನ ಸೇರುತ್ತಾರಲ್ಲವೇ?

ಉತ್ತರ: ಸೇರಬಹುದು, ಆದರೂ ಬೇಡ. ಆ ಹೊತ್ತಿನಲ್ಲಿ ‘ಹೂಂ’ ಎಂದ ತಾಯಿ ಮನಸ್ಸಿನಿಂದ ಹೇಳಿರುವುದಿಲ್ಲ. ಸಹಾಯ ಮಾಡಿದವರಿಗೆ ಇಲ್ಲವೆನ್ನಲಾಗದೆ ಹೇಳಿರುತ್ತಾಳೆ. ಮಗುವನ್ನಂತೂ ಕೇಳಲಾಗುವುದಿಲ್ಲ. ಯಾರಿಗೆ ಎಷ್ಟನೇ ಹೆರಿಗೆ, ಯಾರ ಮಗು ಉಳಿಯಲಿಲ್ಲ ಎನ್ನುವುದೂ ವಾರ್ಡಿನ ಬಾಗಿಲು ದಾಟಬಾರದು. ತಾಯಿಯೇ ತನ್ನ ಫೋನ್ ಕೊಟ್ಟು ‘ಒಂದು ಫೋಟೋ ತೆಗೆದುಕೊಡಿ’ ಎಂದರೆ, ಅದರಲ್ಲೇ ತೆಗೆದು ವಾಪಸ್ ಕೊಡಿ.