ಸಂಪಾದಕರ ಉತ್ತರ: ಚೆಲ್ಟನಮ್ ಶಾಲೆಯೂ ನಿಮ್ಮ ಮೊಮ್ಮಗಳೂ

ಮಾನ್ಯರೇ,

ಇಂಗ್ಲೆಂಡಿನ ಚೆಲ್ಟನಮ್ ಲೇಡೀಸ್ ಕಾಲೇಜನ್ನು ಕಳೆದ ಸಂಚಿಕೆಯಲ್ಲಿ ನಾವು ‘ಪಬ್ಲಿಕ್ ಶಾಲೆ’ ಎಂದು ಬರೆದಿದ್ದಕ್ಕೆ ನಿಮ್ಮ ಆಕ್ಷೇಪ ತಲುಪಿದೆ. ಅಷ್ಟು ಶುಲ್ಕ ಪಡೆಯುವ ಶಾಲೆ ಪಬ್ಲಿಕ್ ಹೇಗಾದೀತು, ಸಿರಿವಂತರ ಹೆಣ್ಣುಮಕ್ಕಳಿಗೆ ಪಿಯಾನೋ, ಕಸೂತಿ, ನಯನಾಜೂಕು ಕಲಿಸಲು ಹುಟ್ಟಿದ ಸಂಸ್ಥೆಯನ್ನು ಇಷ್ಟು ಹೊಗಳಬೇಕೇ ಎಂದು ಕೇಳಿದ್ದೀರಿ. ಜೊತೆಗೆ, ಅಲ್ಲೇ ಮಗಳ ಮನೆಯಲ್ಲಿರುವ ಹತ್ತು ವರ್ಷದ ಮೊಮ್ಮಗಳನ್ನು ಇಂಥ ಶಾಲೆಗೆ ಹಾಕಿದರೆ ಬೋರ್ಡಿಂಗಿನಲ್ಲಿ ಬಿಡುವುದೋ, ಮನೆಯಿಂದ ಕಳಿಸುವುದೋ ಎಂಬ ಪ್ರಶ್ನೆಯೂ ಇದೆ.

ಮೊದಲನೆಯದರಲ್ಲಿ ತಪ್ಪು ನಮ್ಮದೇ. ಊರು, ಕಸುಬುಗಳ ಕಟ್ಟಿಲ್ಲದೆ, ಶುಲ್ಕ ಕಟ್ಟಬಲ್ಲ ಯಾರ ಮಕ್ಕಳಿಗೂ ತೆರೆದಿದ್ದ ಹಳೆಯ ಶಾಲೆಗಳನ್ನು ಆ ದೇಶದಲ್ಲಿ ‘ಪಬ್ಲಿಕ್’ ಎನ್ನುವ ವಾಡಿಕೆಯಿದೆ. ಸರ್ಕಾರ ನಡೆಸುವುದು ‘ಸ್ಟೇಟ್ ಸ್ಕೂಲ್’. ನಮ್ಮ ಓದುಗರಿಗೆ ಇದು ಗೊಂದಲವೇ ಸರಿ, ಇನ್ನು ಮುಂದೆ ‘ಸ್ವತಂತ್ರ ಶಾಲೆ’ ಎಂದೇ ಬರೆಯುತ್ತೇವೆ.

ಎರಡನೆಯದನ್ನು ಮಾತ್ರ ಒಪ್ಪಲಾರೆವು. ಆ ಶಾಲೆಯ ಬಾಗಿಲು ಉಳ್ಳವರಿಗಷ್ಟೇ ತೆರೆದಿತ್ತು ಎಂಬುದು ನಿಜ. ಆದರೆ ಒಳಗೆ ಏನು ಕಲಿಸಿದರು ಎಂಬುದನ್ನು ನೋಡಬೇಕು. ಚೆಲ್ಟನಮ್ಮಿನಲ್ಲಿ ಹುಡುಗರ ಕಾಲೇಜು 1841ರಲ್ಲೇ ಶುರುವಾಗಿತ್ತು. ಹುಡುಗಿಯರ ಶಾಲೆ 1854ರ ಫೆಬ್ರುವರಿಯಲ್ಲಿ ಕೇಂಬ್ರೆ ಹೌಸ್ ಎಂಬ ಮನೆಯಲ್ಲಿ 82 ಮಕ್ಕಳೊಡನೆ ತೆರೆಯಿತು. ನಾಲ್ಕೇ ವರ್ಷಕ್ಕೆ ಮಕ್ಕಳು 69ಕ್ಕೆ ಇಳಿದರು, ಮೂಲಧನದಲ್ಲಿ ಉಳಿದದ್ದು ಸುಮಾರು 400 ಪೌಂಡ್. ಆ ಹೊತ್ತಿಗೆ, 1858ರಲ್ಲಿ, ಪ್ರಾಂಶುಪಾಲರಾಗಿ ಬಂದವರು 27 ವರ್ಷದ ಡೊರೋಥಿಯಾ ಬೀಲ್. ಅದಕ್ಕೂ ಮೊದಲು ಅವರು ಲಂಡನ್ನಿನ ಕ್ವೀನ್ಸ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು.

ಗಣಿತದ ಆ ಶಿಕ್ಷಕಿ ಬಂದಕೂಡಲೇ ಯೂಕ್ಲಿಡ್ಡನ ರೇಖಾಗಣಿತವನ್ನು ತರಗತಿಗೆ ತರಲಿಲ್ಲ. ತಂದಿದ್ದರೆ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದರು, ಶಾಲೆ ಮುಚ್ಚುತ್ತಿತ್ತು. ಬದಲಿಗೆ ಪ್ರಾಕೃತಿಕ ಭೂಗೋಳ ಎಂಬ ಹೆಸರಿನಲ್ಲಿ ವಿಜ್ಞಾನದ ಪಾಠ ಶುರುಮಾಡಿದರು. ಹುಡುಗರ ಶಾಲೆಗಳಲ್ಲಿ ಭೂಗೋಳಕ್ಕೆ ಅಂಥ ಮರ್ಯಾದೆ ಇರಲಿಲ್ಲವಾದ್ದರಿಂದ ‘ಇದು ಗಂಡಸರ ವಿದ್ಯೆ, ನಮ್ಮ ಹುಡುಗಿಗೇಕೆ’ ಎಂದು ಯಾರೂ ಜಗಳಕ್ಕೆ ಬರಲಿಲ್ಲ. ಇತಿಹಾಸ, ಜರ್ಮನ್ ಗಟ್ಟಿಯಾದವು. ಗಣಿತ ಆಮೇಲೆ ನಿಧಾನವಾಗಿ ಬಂತು. ಈ ಜಾಣ್ಮೆಯನ್ನು ಹೊಗಳದೆ ಇರುವುದು ನಮಗೆ ಸಾಧ್ಯವಿಲ್ಲ.

ಇಷ್ಟು ಕಷ್ಟಪಡುವ ಅಗತ್ಯವೇನಿತ್ತು ಎನ್ನುವಿರಾದರೆ, 1863ರ ಒಂದು ಪರೀಕ್ಷೆಯನ್ನು ನೋಡಿ. ಕೇಂಬ್ರಿಜ್ ವಿಶ್ವವಿದ್ಯಾಲಯವು ಹುಡುಗರಿಗೆ ನಡೆಸುತ್ತಿದ್ದ ಸ್ಥಳೀಯ ಪರೀಕ್ಷೆಗೆ ಆ ವರ್ಷ ಪ್ರಯೋಗಕ್ಕೆಂದು ಹುಡುಗಿಯರನ್ನೂ ಕೂರಿಸಿದರು. ಹಿರಿಯ ವಿಭಾಗದಲ್ಲಿ ಹೆಚ್ಚಿನವರು ಅಂಕಗಣಿತದಲ್ಲೇ ನಪಾಸು. ಬುದ್ಧಿಯ ಕೊರತೆ ಅದಕ್ಕೆ ಕಾರಣವಾಗಿರಲಿಲ್ಲ. ಪ್ರಶ್ನೋತ್ತರದ ಪುಸ್ತಕ ಹಿಡಿದು ಬಾಯಿಪಾಠ ಮಾಡಿಸಿದ ಮಕ್ಕಳಿಗೆ ಒಂದು ಲೆಕ್ಕವನ್ನು ತಾವೇ ಹಂತಹಂತವಾಗಿ ಬಿಡಿಸಿ ಅಭ್ಯಾಸವಿರಲಿಲ್ಲ. 1865ರಿಂದ ಆ ಪರೀಕ್ಷೆ ಹುಡುಗಿಯರಿಗೂ ತೆರೆಯಿತು. ಟಾಂಟನ್ ಆಯೋಗ ಇಂಗ್ಲೆಂಡಿನ ಶಾಲೆಗಳ ವಿಚಾರಣೆ ನಡೆಸಿದಾಗ ಬೀಲ್ ಅವರೂ, ನಾರ್ತ್ ಲಂಡನ್ ಕಾಲೇಜಿಯೇಟ್ ಶಾಲೆಯನ್ನು 1850ರಲ್ಲಿ ತೆರೆದ ಫ್ರಾನ್ಸಿಸ್ ಮೇರಿ ಬಸ್ ಅವರೂ ಸಾಕ್ಷ್ಯ ಹೇಳಿದರು. ಹೆಣ್ಣುಮಕ್ಕಳ ಕಲಿಕೆಗೆ ಬುನಾದಿಯಿಲ್ಲ, ತೋರಿಕೆಯ ಕಲೆಗಳಿಗೇ ಸಮಯ ಹೋಗುತ್ತಿದೆ ಎಂದು 1868ರ ವರದಿ ಹೇಳಿತು. ನೀವು ಪತ್ರದಲ್ಲಿ ದೂರಿರುವ ಪಿಯಾನೋ, ಕಸೂತಿಗಳ ಶಿಕ್ಷಣದ ವಿರುದ್ಧವೇ ಈ ಇಬ್ಬರು ನಿಂತದ್ದು.

ಆರಂಭದಲ್ಲಿ ಚೆಲ್ಟನಮ್ ಶಾಲೆ ಮುಖ್ಯವಾಗಿ ಮನೆಯಿಂದ ಬರುವ ಹುಡುಗಿಯರ ಶಾಲೆಯಾಗಿತ್ತು ಎಂಬುದನ್ನೂ ಮರೆಯಬಾರದು. ಮಧ್ಯಾಹ್ನ ಊಟಕ್ಕೆ ಮನೆಗೆ ನಡೆದು ಮತ್ತೆ ಬರುವುದರಲ್ಲೇ ಹೊತ್ತು ಕಳೆಯುತ್ತಿತ್ತು. ಬೀಲ್ ಪಾಠಗಳನ್ನೆಲ್ಲ ಬೆಳಗಿಗೇ ತಂದರು. ಪೋಷಕರು ಗಲಾಟೆ ಮಾಡಿದರೂ ಬಿಡಲಿಲ್ಲ. ಬೋರ್ಡಿಂಗ್ ಮನೆಗಳು ದೊಡ್ಡದಾದದ್ದು ಶಾಲೆಗೆ ಹೆಸರು ಬಂದು ದೂರದವರು ಹುಡುಕಿಕೊಂಡು ಬಂದ ಮೇಲೆ. 1885ರಲ್ಲಿ ಶಿಕ್ಷಕಿಯರ ತರಬೇತಿಗೆ ಅಲ್ಲೇ ಸೇಂಟ್ ಹಿಲ್ಡಾಸ್, 1893ರಲ್ಲಿ ಆಕ್ಸ್‌ಫರ್ಡಿನಲ್ಲಿ ಅದೇ ಹೆಸರಿನ ಇನ್ನೊಂದು ಸಂಸ್ಥೆ ಅವರಿಂದಲೇ ಆದವು. 1906ರಲ್ಲಿ ಅವರು ತೀರಿಕೊಂಡಾಗ ಶಾಲೆಯಲ್ಲಿ ಸುಮಾರು ಸಾವಿರ ಮಕ್ಕಳಿದ್ದರು.

ಇನ್ನು ಮೊಮ್ಮಗಳ ವಿಷಯ. ಮನೆ ಶಾಲೆಗೆ ಹತ್ತಿರವಿದ್ದರೆ ಹನ್ನೊಂದರ ವಯಸ್ಸಿಗೆ ಡೇ ಸ್ಕಾಲರ್ ಆಗಿ ಸೇರಿಸುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಜಾಗವಿದ್ದರೆ ಮುಂದೆ ಬೋರ್ಡಿಂಗಿಗೆ ಬದಲಾಯಿಸಬಹುದು. ಹನ್ನೊಂದರ ವಯಸ್ಸಿನವರು ಸೇರುವ ‘ಇಯರ್ 7’ ತರಗತಿ ಸೆಪ್ಟೆಂಬರಿನಲ್ಲಿ ಶುರು. ಪ್ರವೇಶ ಪರೀಕ್ಷೆ ಅದರ ಹಿಂದಿನ ಶಾಲಾ ವರ್ಷದಲ್ಲೇ ಮುಗಿಯುತ್ತದೆ, ಹೆಸರು ನೋಂದಾಯಿಸುವ ಗಡುವು ಇನ್ನೂ ಮೊದಲು. ಬೇಸಿಗೆಯಲ್ಲಿ ವಿಚಾರಿಸಲು ಹೋದವರು ಕೈಚೆಲ್ಲಿ ಬರುವುದು ಇದರಿಂದಲೇ. ಈಗ ತಪ್ಪಿದರೆ ಹದಿಮೂರಕ್ಕೆ, ಹದಿನಾರಕ್ಕೆ ಸೇರಿಸುವ ಶಾಲೆಗಳೂ ಇವೆ. ಹದಿನೈದರ ವಯಸ್ಸಿನವರು ಸೇರುವ ‘ಇಯರ್ 11’ ತರಗತಿಗೆ ಮಾತ್ರ ಬೇಡ. ಆ ತರಗತಿಯ ಕೊನೆಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಪಠ್ಯ ‘ಇಯರ್ 10’, ‘ಇಯರ್ 11’ ಎರಡಕ್ಕೂ ಹರಡಿರುವುದರಿಂದ ನಡುವೆ ಸೇರಿದ ಮಗು ಅರ್ಧ ಪಾಠವನ್ನು ಒಂಟಿಯಾಗಿ ತುಂಬಿಕೊಳ್ಳಬೇಕಾಗುತ್ತದೆ.

ಖರ್ಚಿನಲ್ಲಿ ಒಂದು ಸಂಗತಿ: 2025ರ ಜನವರಿ 1ರಿಂದ ಸ್ವತಂತ್ರ ಶಾಲೆಗಳ ಶುಲ್ಕಕ್ಕೆ ಶೇ. 20ರ ವ್ಯಾಟ್ ಬಿದ್ದಿದೆ, ಬೋರ್ಡಿಂಗ್ ಶುಲ್ಕಕ್ಕೂ ಸೇರಿ. ಶಾಲೆ ಹೇಳುವ ಮೊತ್ತ ತೆರಿಗೆ ಸೇರಿಸಿದ್ದೋ ಬಿಟ್ಟದ್ದೋ ಕೇಳಿಕೊಳ್ಳಿ. ವಿದ್ಯಾರ್ಥಿವೇತನಕ್ಕಿಂತ ಬರ್ಸರಿಯ ಬಗ್ಗೆ ವಿಚಾರಿಸಿ. ಮೊದಲನೆಯದು ಪ್ರತಿಭೆ ನೋಡಿ ಕೊಡುವುದು, ಎಷ್ಟೋ ಕಡೆ ಸಣ್ಣ ಮೊತ್ತ. ಎರಡನೆಯದು ಮನೆಯ ಆದಾಯ ನೋಡಿ ಕೊಡುವುದು.

ಬೋರ್ಡಿಂಗೇ ಎಂದಾದರೆ ಶಾಲೆ ನೋಡಲು ಹೋದಾಗ ‘ಶನಿವಾರ ರಾತ್ರಿ ಈ ಮನೆಯಲ್ಲಿ ಎಷ್ಟು ಮಕ್ಕಳು ಉಳಿಯುತ್ತಾರೆ?’ ಎಂದು ಮಗಳು ಕೇಳಲಿ. ವಾರಾಂತ್ಯಕ್ಕೆ ಮನೆಗೆ ಹೋಗುವ ‘ವಾರದ ಬೋರ್ಡರ್‌’ಗಳೇ ಹೆಚ್ಚಿರುವ ಕಡೆ ಶುಕ್ರವಾರ ಸಂಜೆಗೆ ಬೋರ್ಡಿಂಗ್ ಮನೆ ಖಾಲಿಯಾಗುತ್ತದೆ. ಪೂರ್ಣ ಬೋರ್ಡಿಂಗಿನ ಹುಡುಗಿಗೆ ಮನೆಯ ನೆನಪು ಹೆಚ್ಚು ಕಾಡುವುದು ಆಗಲೇ. ‘ಎಕ್ಸಿಯಾಟ್’ ಎಂಬ ವಾರಾಂತ್ಯಗಳಲ್ಲಿ ಎಷ್ಟೋ ಶಾಲೆಗಳು ಬೋರ್ಡಿಂಗನ್ನೇ ಮುಚ್ಚುತ್ತವೆ, ಮಗುವನ್ನು ಕರೆದೊಯ್ಯಲೇಬೇಕು. ಆ ತಾರೀಖುಗಳನ್ನು ಮೊದಲೇ ಪಡೆದು ಅಪ್ಪ ಅಮ್ಮನ ರಜೆ ಹೊಂದಿಸಿಕೊಳ್ಳಬೇಕು. ಮನೆಯಲ್ಲಿ ಸಸ್ಯಾಹಾರವಾದರೆ ಅದನ್ನಷ್ಟೇ ಹೇಳಿದರೆ ಸಾಲದು: ಅಲ್ಲಿ ಮೊಟ್ಟೆಯೂ ಸಸ್ಯಾಹಾರದಲ್ಲೇ ಸೇರುತ್ತದೆ. ಜೆಲ್ಲಿ, ಮಾರ್ಷ್‌ಮ್ಯಾಲೋಗಳಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್ ಇರುತ್ತದೆ. ತಿನ್ನದಿರುವ ಪದಾರ್ಥಗಳನ್ನು ಒಂದೊಂದಾಗಿ ಬರೆದು ಬೋರ್ಡಿಂಗ್ ಮನೆಯ ಮೇಲ್ವಿಚಾರಕಿಗೆ ಕೊಡಲಿ, ಅದರ ಒಂದು ಪ್ರತಿ ಅಡುಗೆಮನೆಗೂ ಹೋಗಲಿ.

– ಸಂಪಾದಕರು